ಹನ್ನೊಂದು ಹತ್ತರ ಬಿಸಿಲು

ಗಿರಗಾಂವಿನ ಈ ಓಣಿಗೆ ಸೂರ್ಯ ಬರುವುದು
ಹನ್ನೊಂದು ಹತ್ತಕ್ಕೆ, ಎರಡು ಚಾಳುಗಳ ನಡುವೆ
ಮೈ ಓರೆ ಮಾಡಿಕೊಂಡು.
ಹನ್ನೊಂದು ಐವತ್ತಕ್ಕೆ ಹೊರಟೇ ಬಿಟ್ಟ.
ಅಷ್ಟರಲ್ಲಿ ಮೆಟ್ಟಿಲ ಕೆಳಗಿನ ನನ್ನ ಅಂಗಡಿಯ ಗಾಜಿನ ಮೇಲೆ
ಕರವಸ್ತ್ರದಷ್ಟು ಬೆಳಕು
ಎಡದಿಂದ ಬಲಕ್ಕೆ ತೆವಳುತ್ತದೆ.
ಅದರ ಹಿಂದೆ ನಾನು, ಸ್ಟೀಲಿನ ತಾಟು ತಳ್ಳುತ್ತ.
ತಾಟಿನಲ್ಲಿ ಈಗ ಒಂದೇ ಗಡಿಯಾರ.
ಒಂದು ಕಾಲಕ್ಕೆ ಏಳಿದ್ದವು, ಮುಖ ಮೇಲೆ ಮಾಡಿ
ಹಪ್ಪಳ ಒಣಹಾಕಿದ ಹಾಗೆ.

ಮೊದಲು ತಂದವನು ಲಖನ್ ಮುರ್ಮು.
ಹಳದಿ ಹೆಲ್ಮೆಟ್ಟು, ಉಗುರ ಸಂದಿಯಲ್ಲಿ ಬೂದು ಕೆಸರು.
"ಸೆಲ್ ಹಾಕಿಕೊಡಿ ದೀದಿ, ನಿಂತುಬಿಟ್ಟಿದೆ."
ಮುಚ್ಚಳಕ್ಕೆ ಕೀಲಿ ಹಚ್ಚಿದವಳು ತಡೆದೆ.
ಕೆಲಸ ಕಲಿಸಿದ ಅಸಗರ್ ಚಾಚಾ ಹೇಳುತ್ತಿದ್ದ:
ಗಡಿಯಾರ ಬಿಚ್ಚೋ ಮೊದಲು
ಕಟ್ಟಿಕೊಂಡವನನ್ನ ಬಿಚ್ಚು.

ಎಲ್ಲಿ ಕೆಲಸ?
ಅವನು ನೆಲಕ್ಕೆ ಬೆರಳು ತೋರಿಸಿದ.
"ಇಲ್ಲೇ. ನಿಮ್ಮ ಸ್ಟೂಲಿನ ಕೆಳಗೆ. ಎಪ್ಪತ್ತು ಅಡಿ."
ದಿನಾ ಮೂರು ಗಂಟೆಗೆ ನನ್ನ ಚಿಮುಟದಿಂದ
ಸ್ಕ್ರೂ ಬೀಳಿಸುವ ನಡುಕ ಯಾರದೆಂದು
ಆವತ್ತು ಗೊತ್ತಾಯಿತು.
ಹನ್ನೆರಡು ತಾಸು ಮೆಟ್ರೋ ಸುರಂಗ,
ಉಳಿದದ್ದು ತಗಡಿನ ಖೋಲಿಯಲ್ಲಿ ನಿದ್ದೆ,
ಮೇಲೆ ಬಂದರೂ ಮಣಿಕಟ್ಟು ಮುಚ್ಚುವ ಉದ್ದ ತೋಳು.
ಇದಕ್ಕೆ ರೋಗ ಇಲ್ಲ ಮಾರಾಯ, ಹಸಿವು.

ನೋಡು, ಈ ಕಪ್ಪು ಮುಖ ಪೂರಾ ಕಪ್ಪಲ್ಲ,
ಬೆಳಕನ್ನು ಸೋಸಿ ಒಳಗೆ ಬಿಡುತ್ತದೆ.
ಅಡಿಯಲ್ಲಿ ಈರುಳ್ಳಿ ಸಿಪ್ಪೆಯಂಥ ಹಾಳೆ,
ಬೆಳಕು ತಾಗಿದರೆ ಕರೆಂಟು ಜಿನುಗುತ್ತದೆ,
ಜಿನುಗಿದ್ದು ಅಂಗಿ ಗುಂಡಿಯಷ್ಟು ಕಣಜಕ್ಕೆ.
ತೀರಿದರೆ ಬಿಸಾಡುವ ಸೆಲ್ಲಲ್ಲ ಅದು, ಮತ್ತೆ ತುಂಬುವುದು.
ಪಕ್ಕದಲ್ಲೊಂದು ಹರಳು. ಸೆಕೆಂಡಿಗೆ ಮೂವತ್ತೆರಡು ಸಾವಿರದ
ಏಳುನೂರ ಅರವತ್ತೆಂಟು ಸಲ ನಡುಗುತ್ತದೆ.
ಆ ನಡುಕವನ್ನು ಅರ್ಧ, ಅರ್ಧದಲ್ಲಿ ಅರ್ಧ,
ಹೀಗೆ ಹದಿನೈದು ಸಲ ಮಡಚಿದರೆ
ಉಳಿಯುವುದು ಒಂದು ಟಿಕ್.

ಎಲ್ಲ ಕೇಳಿ ಅವನು: "ಅಂದರೆ ಎಷ್ಟಾಯ್ತು?"
ಬಿಸಿಲಿಗೆ ಏನಂತ ಬಿಲ್ ಹಾಕಲಿ!
ಸೆಲ್ಲಿಗಾದರೆ ನೂರು, ನನಗೆ ಅರವತ್ತು.
ಈ ಜಾತಿಯವು ನಮ್ಮ ಹೊಟ್ಟೆ ಮೇಲೇ ಹೊಡೆಯುತ್ತವೆ.
ಬಿಟ್ಟು ಹೋಗು ಎಂದೆ.

ಮಾರನೆಯ ದಿನ ಮುಳ್ಳು ಎದ್ದಿತು,
ಎರಡೆರಡು ಸೆಕೆಂಡು ಒಟ್ಟಿಗೇ ಜಿಗಿಯುತ್ತ,
ಜ್ವರ ಬಿಟ್ಟ ಹುಡುಗ ಮೆಟ್ಟಿಲು ಹಾರಿದಂತೆ.
ಕೆಟ್ಟಿಲ್ಲ, ಇನ್ನೂ ಸಾಲದು ಎಂಬ ಸನ್ನೆ ಅದು.
ನಾಲ್ಕನೆಯ ದಿನ ಒಂದೊಂದೇ.
ಅವನು ಬಂದು ಸುಮ್ಮನೆ ಒಂದು ನಿಮಿಷ ಪೂರ್ತಿ ನೋಡಿದ.
ಆಮೇಲೆ ಪಾಳಿಗೆ ಇಳಿಯುವಾಗ ಕಳಚಿ ಇಟ್ಟು ಹೋಗತೊಡಗಿದ,
ಅವನ ಜೊತೆಯವರೂ. ಸಂಬಳಕ್ಕೆ ಕಟಿಂಗ್ ಚಹಾ,
ಕೆಲವೊಮ್ಮೆ ವಡಾಪಾವ್, ಒಮ್ಮೆ
ಕಾಗದದಲ್ಲಿ ಸುತ್ತಿದ ಕೆಳಗಿನ ಕಲ್ಲು:
ಕಪ್ಪು, ಒದ್ದೆ, ಇನ್ನೂ ತಣ್ಣಗೆ.

ಜೂನ್ ಬಂತು. ಓಣಿಗೆ ಹನ್ನೊಂದು ಹತ್ತು ಬರಲಿಲ್ಲ.
ಟ್ಯೂಬ್‌ಲೈಟ್ ಕೆಳಗೆ ತಾಟಿಟ್ಟೆ.
ಬಿಸಿಲು ನಿಮಿಷದಲ್ಲಿ ಉಣಿಸುವುದನ್ನು
ಟ್ಯೂಬು ತಾಸುಗಟ್ಟಲೆ ಗುಟುಕು ಹಾಕುತ್ತದೆ.
ರಾತ್ರಿಯಿಡೀ ಉರಿಸಿದೆ. ಕರೆಂಟ್ ಬಿಲ್ ಬಂದಾಗ
ಅಸಗರ್ ಚಾಚಾನ ಫೋಟೋ ಕಡೆ ನೋಡಲಿಲ್ಲ.

ಒಂದು ದಿನ ಮೂರು ಗಂಟೆಗೆ ಸ್ಕ್ರೂ ಬೀಳಲಿಲ್ಲ.
ಯಂತ್ರ ಮುಂದೆ ಹೋಗಿತ್ತು. ವಾರದೊಳಗೆ ಆರು ಜನ
ಬಂದು ಕಟ್ಟಿಕೊಂಡು ಹೋದರು.
ಲಖನ್ ಎಲ್ಲಿ ಅಂದರೆ ಒಬ್ಬ ಸೂರತ್ ಅಂದ,
ಒಬ್ಬ ಊರು ಅಂದ, ಒಬ್ಬ ಪಟ್ಟಿ ಬಿಗಿಯುವುದರಲ್ಲೇ ಮಗ್ನ.

ಸೆಲ್ಲಿನದಾಗಿದ್ದರೆ ಎರಡು ವರ್ಷಕ್ಕೆ ತಾನೇ ನಿಂತು
ಲೆಕ್ಕ ಮುಗಿಸುತ್ತಿತ್ತು, ಡಬ್ಬಿಗೆ ಹಾಕುತ್ತಿದ್ದೆ.
ಇದು ನಿಲ್ಲುವುದಿಲ್ಲವಲ್ಲ.
ಕೆಳಗೆ ರೈಲು ಓಡುತ್ತದೆ ಈಗ, ನಡುಕ ಹಗುರ,
ನಾನಿನ್ನೂ ಹತ್ತಿಲ್ಲ.

ಮೂವತ್ತಕ್ಕೇ ತಿಂಗಳು ಮುಗಿಯುವುದು ಅದಕ್ಕೆ ತಿಳಿಯದು,
ಮೂವತ್ತೊಂದು ಎನ್ನುತ್ತ ಕೂತಿರುತ್ತದೆ.
ಇವತ್ತು ಒಂದನೇ ತಾರೀಖು.
ತಿರುಪು ಎಳೆದು ಒಂದು ದಿನ ಮುಂದೆ ತಿರುಗಿಸಿ
ತಾಟನ್ನು ನಾಲ್ಕು ಬೆರಳು ಬಲಕ್ಕೆ ಸರಿಸಿದೆ.